ವಿಪಿಎನ್ ಸೇರಿತು, ಫೋಲ್ಡರ್ ಸಿಗಲಿಲ್ಲ

ಸಾಂಗಲಿಯ ಅರಿಶಿನ ಪೇಟೆಯಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರಿಗೆ ಮಿರಜದ ಮನೆಯಿಂದ ವಿಪಿಎನ್ ಜೋಡಣೆಯಾಗುತ್ತದೆ. ಅಂಗಡಿಯ ಫೋಲ್ಡರ್ ಮಾತ್ರ ತೆರೆಯದು.

ಮೊದಲ ಅನುಮಾನ ರೂಟರ್‌ಗಳ ಮೇಲೆ. ಎರಡೂ ಕಡೆ 192.168.1 ಎಂದೇ ಶುರುವಾಗುವ ವಿಳಾಸಗಳಿದ್ದರೆ ಲ್ಯಾಪ್‌ಟಾಪ್ ಅಂಗಡಿಯ ಸರ್ವರನ್ನು ಮನೆಯೊಳಗೇ ಹುಡುಕುತ್ತ ಕೂರುತ್ತದೆ. ಮನೆಯ ರೂಟರನ್ನು 192.168.57ಕ್ಕೆ ಬದಲಿಸಿದರೆ ಅರ್ಧ ತಲೆನೋವು ಇಳಿದೀತು.

ಆಮೇಲೂ ಹಟ ಹಿಡಿದರೆ, ಸರ್ವರಿನ ಹೆಸರಿನ ಬದಲು ಐಪಿ ವಿಳಾಸವನ್ನೇ ಕೊಡಬೇಕು. ತೆರೆಯಿತೋ, ತಪ್ಪು ಡಿಎನ್‌ಎಸ್‌ನದು. ಇಲ್ಲವೋ, ಫೈರ್‌ವಾಲ್ ನೋಡಬೇಕು: ವಿಂಡೋಸ್‌ನ ಫೈಲ್ ಹಂಚಿಕೆ ನಿಯಮ ಸಾಮಾನ್ಯವಾಗಿ ಸ್ಥಳೀಯ ಸಬ್‌ನೆಟ್ಟನ್ನಷ್ಟೇ ಒಳಬಿಡುತ್ತದೆ, ಅಲ್ಲಿ ವಿಪಿಎನ್ ವಿಳಾಸಗಳನ್ನೂ ಸೇರಿಸಬೇಕು.

ಬೇಸತ್ತು ಫೈಲ್ ಹಂಚಿಕೆಯ 445ನೇ ಪೋರ್ಟನ್ನು ನೇರ ಇಂಟರ್‌ನೆಟ್ಟಿಗೆ ತೆರೆಯುವ ಅಡ್ಡದಾರಿ ಮಾತ್ರ ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ನುಗ್ಗಿದ್ದು ಅದೇ ಬಾಗಿಲಿನಿಂದ.