ವಿಧಾನಸಭೆಯ ಲೆಕ್ಕವೂ ನಮ್ಮ ಅರ್ಜಿಯೂ



ಕಳೆದ ಸರ್ವಸದಸ್ಯರ ಸಭೆಯಲ್ಲಿ ಕಾಡಾನೆ ಹಾವಳಿಯ ಬಗ್ಗೆ ಸಂಘದಿಂದ ಮನವಿ ಕೊಡುವ ವಿಷಯ ಬಂದಾಗ ಅರೇಹಳ್ಳಿ ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದು, "ಅಲ್ಲಾ ಸ್ವಾಮಿ, ನಮ್ಮ ಎಮ್ಮೆಲ್ಲೆ ಆಳೋ ಪಾರ್ಟೀಲಿ ಇಲ್ಲ. ಅವರ ಕೈಗೆ ಅರ್ಜಿ ಕೊಟ್ಟು ಏನಾಗ್ತದೆ?" ಎಂದು ಕೇಳಿದರು. ಅರಸೀಕೆರೆ ಕಡೆಯವರು ನಕ್ಕರು. ಅವರ ಶಾಸಕರು ಆಳುವ ಪಕ್ಷದವರಲ್ಲವೆ! ಮಾತು ಬೇರೆ ಕಡೆ ಹರಿದು ಮನವಿ ಅಲ್ಲಿಗೇ ನಿಂತಿತು. ಆ ಹಿರಿಯರ ಪ್ರಶ್ನೆಗೆ ಉತ್ತರ ಕೊಡದೆ ಸಭೆ ಮುಗಿಸಿದ್ದು ನನ್ನ ತಪ್ಪು. ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ಶಾಸನಸಭೆಯನ್ನೇ ಆರಿಸಿಕೊಂಡಿದ್ದೇನೆ.

ಮೊದಲು ಲೆಕ್ಕ. ನಮ್ಮ ವಿಧಾನಸಭೆಗೆ ಚುನಾಯಿತ ಸದಸ್ಯರು 224. ಈ ಸಂಖ್ಯೆ 1957ರಲ್ಲಿ 208, 1967ರಲ್ಲಿ 216 ಇದ್ದು, 1978ರಿಂದ 224 ಆಗಿ ನಿಂತಿದೆ. ಇವರ ಜೊತೆಗೆ ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ 2020ರ ಜನವರಿಗೆ ಕೊನೆಗೊಂಡಿತು. 224ರಲ್ಲಿ 36 ಸ್ಥಾನ ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಕ್ಷೇತ್ರ ಪುನರ್ವಿಂಗಡಣೆಯ ನಂತರ 2008ರಲ್ಲಿ ನಡೆದ ಚುನಾವಣೆಯಿಂದ ಬೇಲೂರಿನ ಮೀಸಲಾತಿ ಹೋಗಿ ಸಕಲೇಶಪುರಕ್ಕೆ ಬಂತು. ಗಂಡಸಿ ಕ್ಷೇತ್ರವೇ ಮಾಯವಾಗಿ ಹಾಸನ ಜಿಲ್ಲೆಯ ಸ್ಥಾನಗಳು ಎಂಟರಿಂದ ಏಳಕ್ಕೆ ಇಳಿದವು. ಈಗ ಹಾಸನಕ್ಕೆ 7, ಚಿಕ್ಕಮಗಳೂರಿಗೆ 5, ಕೊಡಗಿಗೆ 2. ಕಾಫಿಯ ಮೂರು ಜಿಲ್ಲೆ ಕೂಡಿದರೂ 14. ಬೆಂಗಳೂರು ನಗರ ಜಿಲ್ಲೆ ಒಂದಕ್ಕೇ 28. ಕ್ಷೇತ್ರ ಹಂಚುವುದು ಜನಸಂಖ್ಯೆ ನೋಡಿ; ಕಾಫಿ ಗಿಡಕ್ಕೆ ಓಟಿಲ್ಲ.

2023ರ ಮೇ ತಿಂಗಳ ಚುನಾವಣೆಯಲ್ಲಿ ಕಾಂಗ್ರೆಸ್ 135, ಭಾರತೀಯ ಜನತಾ ಪಕ್ಷ 66, ಜಾತ್ಯತೀತ ಜನತಾದಳ 19 ಸ್ಥಾನ ಗೆದ್ದವು. ಕಲ್ಯಾಣ ರಾಜ್ಯ ಪ್ರಗತಿ ಪಕ್ಷಕ್ಕೆ ಒಂದು, ಸರ್ವೋದಯ ಕರ್ನಾಟಕ ಪಕ್ಷಕ್ಕೆ ಒಂದು, ಪಕ್ಷೇತರರು ಇಬ್ಬರು. ಹೆಂಗಸರು ಹತ್ತೇ ಮಂದಿ. (ನಮ್ಮ ಆಡಳಿತ ಮಂಡಳಿಯೂ ಈ ವಿಷಯದಲ್ಲಿ ಬೀಗುವಂತಿಲ್ಲ.) 2024ರ ನವೆಂಬರಿನ ಉಪಚುನಾವಣೆಯಲ್ಲಿ ಶಿಗ್ಗಾವಿ ಮತ್ತು ಚನ್ನಪಟ್ಟಣ ಕಾಂಗ್ರೆಸ್ಸಿಗೆ ಹೋದವು. ಆದ್ದರಿಂದ ಎಲ್ಲಾದರೂ ಪಕ್ಷಗಳ ಬಲಾಬಲದ ಪಟ್ಟಿ ಕಂಡರೆ ಅದರ ತಾರೀಖನ್ನೂ ನೋಡಿಕೊಳ್ಳಿ.

ನಮ್ಮ ಜಿಲ್ಲೆಯ ಏಳರಲ್ಲಿ 2023ರಲ್ಲಿ ಜನತಾದಳಕ್ಕೆ ನಾಲ್ಕು, ಭಾಜಪಕ್ಕೆ ಎರಡು, ಕಾಂಗ್ರೆಸ್ಸಿಗೆ ಒಂದು ಬಂದವು. ಆ ಒಂದೇ ಅರಸೀಕೆರೆ. ಅಲ್ಲಿ ಗೆದ್ದ ಕೆ.ಎಂ. ಶಿವಲಿಂಗೇಗೌಡರು ಅದಕ್ಕೆ ಮುಂಚೆ ಮೂರು ಸಲ ಜನತಾದಳದಿಂದ ಗೆದ್ದವರು. ಹಳೇಬೀಡೂ ಸೇರಿದ ಬೇಲೂರಿನಲ್ಲಿ ಎಚ್.ಕೆ. ಸುರೇಶ್ ಅವರು ಭಾಜಪದಿಂದ ಆರಿಸಿ ಬಂದರು; ಸಕಲೇಶಪುರವೂ ಭಾಜಪಕ್ಕೆ. ಚಿಕ್ಕಮಗಳೂರಿನ ಐದು, ಕೊಡಗಿನ ಎರಡು ಸ್ಥಾನಗಳ ಎಣಿಕೆಯಲ್ಲಿ ಎಲ್ಲವೂ ಕಾಂಗ್ರೆಸ್ಸಿಗೆ. ಅಂದರೆ ಕಾಫಿ ಸೀಮೆಯ ಶಾಸಕರು ಸದನದಲ್ಲಿ ಎದುರುಬದುರು ಕೂತಿದ್ದಾರೆ.

ಸರ್ಕಾರ ನಿಲ್ಲುವುದಕ್ಕೆ 224ರಲ್ಲಿ 113 ಬೇಕು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದು ಎಲ್ಲ ಸ್ಥಾನ ಭರ್ತಿಯಾಗಿ, ಎಲ್ಲರೂ ಹಾಜರಿದ್ದಾಗಿನ ಮಾತು. 2018ರಲ್ಲಿ ಮತದಾನ ನಡೆದ 222 ಸ್ಥಾನಗಳಲ್ಲಿ ಭಾಜಪಕ್ಕೆ 104, ಕಾಂಗ್ರೆಸ್ಸಿಗೆ 78, ದಳಕ್ಕೆ 37 ಬಂದು ಯಾರಿಗೂ ಬಹುಮತ ಸಿಗಲಿಲ್ಲ. ಯಡಿಯೂರಪ್ಪನವರು ಮೇ 17ಕ್ಕೆ ಪ್ರಮಾಣವಚನ ತೆಗೆದುಕೊಂಡು 19ಕ್ಕೆ ರಾಜೀನಾಮೆ ಕೊಟ್ಟರು. ಮೂರನೆಯ ಪಕ್ಷದ ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾದರು. 2019ರ ಜುಲೈ 23ರಂದು ವಿಶ್ವಾಸಮತಕ್ಕೆ ಹಾಕಿದಾಗ ಪರ 99, ವಿರೋಧ 105. ಗೈರುಹಾಜರಾದವರೇ ಆ ದಿನ ತೀರ್ಮಾನ ಮಾಡಿದರು. ಆ ಮೇಲೆ 17 ಮಂದಿ ಅನರ್ಹರಾಗಿ ಸದನ 207ಕ್ಕೆ ಇಳಿಯಿತು, ಬಹುಮತದ ಗೆರೆ 104ಕ್ಕೆ ಬಂತು. ನಮ್ಮ ಸಂಘದಲ್ಲೂ ಹಾಗೆಯೇ: ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಆ ದಿನ ಕುರ್ಚಿಯಲ್ಲಿ ಇರಬೇಕು.

ಈಗ ಆ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಮತಕ್ಕೆ ಹಾಕುವಾಗ ಶಾಸಕರು ತಮ್ಮ ಪಕ್ಷದ ವಿಪ್ಪಿಗೆ ಬದ್ಧರು. 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ವಿಪ್ ಮೀರಿ ಮತ ಹಾಕಿದರೆ ಸ್ಥಾನಕ್ಕೇ ಸಂಚಕಾರ. ಆದರೆ ಪ್ರಶ್ನೋತ್ತರದ ವೇಳೆಗೆ ಈ ಬಿಗಿ ಇಲ್ಲ. ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಮಂತ್ರಿಗಳು ಎದ್ದು ಬಾಯಲ್ಲಿ ಉತ್ತರ ಹೇಳಬೇಕು, ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಜರೂರು ಸಂಗತಿಗೆ ಗಮನ ಸೆಳೆಯುವ ಸೂಚನೆ ಇದೆ. ಮಂತ್ರಿಗಳು ಸದನದಲ್ಲಿ "ಮಾಡುತ್ತೇವೆ" ಎಂದರೆ ಅದನ್ನು ಹಿಡಿದು ವಿಚಾರಿಸುವುದಕ್ಕೆ ಭರವಸೆಗಳ ಸಮಿತಿ ಇದೆ. ಇವೆಲ್ಲ ಯಾವ ಪಕ್ಷದ ಶಾಸಕರಿಗೂ ತೆರೆದ ದಾರಿ. ವಿರೋಧ ಪಕ್ಷದವರಿಗೆ ಸಂಕೋಚವೂ ಕಡಿಮೆ. ಆಳುವ ಪಕ್ಷದವರು ಮಂತ್ರಿಗಳ ಕೊಠಡಿಗೆ ಸುಲಭವಾಗಿ ಹೋಗಬಲ್ಲರು, ನಿಜ. ನಮ್ಮ ಸಂಘಕ್ಕೆ ಎರಡೂ ಕಡೆ ಒಬ್ಬೊಬ್ಬರು ಇರುವುದು ಅನುಕೂಲವೇ. ಅರಸೀಕೆರೆಯವರು ಒಳಗೆ ಮಾತಾಡಲಿ, ಬೇಲೂರಿನವರು ಸದನದಲ್ಲಿ ಕೇಳಲಿ.

1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಮೊದಲ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಬಂದಿದ್ದ 144 ಮಂದಿಗೆ ಪಕ್ಷವೂ ಇರಲಿಲ್ಲ, ಕಾನೂನು ಮಾಡುವ ಅಧಿಕಾರವೂ ಇರಲಿಲ್ಲ. ಅಹವಾಲು ಹೇಳುವುದೇ ಅವರ ಕೆಲಸ. ಆ ಹಳೆಯ ಕೆಲಸ ಇಂದಿಗೂ ಪ್ರಶ್ನೋತ್ತರದ ವೇಳೆಯಲ್ಲಿ ಉಳಿದಿದೆ.

ಇನ್ನೊಂದು ಸದನವನ್ನು ನಾವು ಮರೆತೇಬಿಡುತ್ತೇವೆ. ವಿಧಾನ ಪರಿಷತ್ತಿಗೆ 75 ಸದಸ್ಯರು: 25 ಮಂದಿಯನ್ನು ವಿಧಾನಸಭೆಯವರು, 25 ಮಂದಿಯನ್ನು ಗ್ರಾಮ ಪಂಚಾಯಿತಿ, ಪುರಸಭೆ ಮುಂತಾದ ಸ್ಥಳೀಯ ಸಂಸ್ಥೆಗಳ ಸದಸ್ಯರು, ಪದವೀಧರರು 7, ಶಿಕ್ಷಕರು 7 ಮಂದಿಯನ್ನು ಆರಿಸುತ್ತಾರೆ, 11 ಮಂದಿ ನಾಮಕರಣ. ಅಲ್ಲಿಯ ಬಲಾಬಲ ವಿಧಾನಸಭೆಯಂತೆಯೇ ಇರಬೇಕೆಂದಿಲ್ಲ. 2020ರ ಎ.ಪಿ.ಎಂ.ಸಿ. ತಿದ್ದುಪಡಿಯನ್ನು ಹಿಂತೆಗೆಯುವ ಮಸೂದೆಯನ್ನು 2023ರ ಜುಲೈನಲ್ಲಿ ವಿಧಾನಸಭೆ ಒಪ್ಪಿತು. ಪರಿಷತ್ತಿನಲ್ಲಿ ಆಗ ವಿರೋಧ ಪಕ್ಷಗಳ ಸಂಖ್ಯೆ ಹೆಚ್ಚು. ಮಸೂದೆ ಆಯ್ಕೆ ಸಮಿತಿಗೆ ಹೋಯಿತು. ಅಡಿಕೆ, ಕೊಬ್ಬರಿ ಮಾರುವ ನಮಗೆ ನೇರವಾಗಿ ತಟ್ಟುವ ಕಾನೂನು ಅದು. ಪರಿಷತ್ತು ಮಸೂದೆಯನ್ನು ತಡೆದು ನಿಧಾನ ಮಾಡಬಲ್ಲದು, ಕೊನೆಯ ಮಾತು ಮಾತ್ರ ವಿಧಾನಸಭೆಯದು. ಆದರೂ ಆ ನಿಧಾನದಲ್ಲಿ ನಮ್ಮಂಥವರು ಒಂದು ಮನವಿ ಬರೆಯಬಹುದು.

ನಮ್ಮಲ್ಲಿ ಪದವೀಧರರು ಕಡಿಮೆ ಏನಿಲ್ಲ. ಹಾಸನ ಜಿಲ್ಲೆ ಮೈಸೂರು, ಮಂಡ್ಯ, ಚಾಮರಾಜನಗರದೊಡನೆ ದಕ್ಷಿಣ ಪದವೀಧರ ಕ್ಷೇತ್ರಕ್ಕೆ ಸೇರಿದೆ. ಗಡಿಯಾಚೆ ಮೂಡಿಗೆರೆಯವರು ನೈಋತ್ಯ ಕ್ಷೇತ್ರದವರು. ಇಲ್ಲಿ 2022ರ ಜೂನ್‌ನಲ್ಲಿ ಮತದಾನವಾಯಿತು, ಅವಧಿ ಆರು ವರ್ಷ. ಈ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಹೆಸರಿತ್ತು ಎಂದು ಸುಮ್ಮನಿದ್ದರೆ ಹೆಸರು ಇರುವುದಿಲ್ಲ. ಪದವಿ ಪಡೆದು ಮೂರು ವರ್ಷ ಆಗಿರುವವರು ನಮೂನೆ 18 ತುಂಬಬೇಕು.

ಯಾವ ಬಾಗಿಲು ತಟ್ಟಬೇಕೆಂಬುದೂ ಗೊತ್ತಿರಬೇಕು. ಅಡಿಕೆ ಆಮದು ತಡೆಯಿರೆಂದು ನಾವೇ ಎರಡು ವರ್ಷ ಶಾಸಕರ ಮನೆಗೆ ಅಲೆದೆವು. ಆಮದಿನ ಕನಿಷ್ಠ ದರ ಗೊತ್ತುಮಾಡುವುದು ಕೇಂದ್ರ ಸರ್ಕಾರ, ಕೆ.ಜಿ.ಗೆ 251 ಇದ್ದುದನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿ ಮಾಡಿದ್ದೂ ಅದೇ. ಕಾಫಿ ಮಂಡಳಿಯೂ ಕೇಂದ್ರದ ವಾಣಿಜ್ಯ ಇಲಾಖೆಯದು. ಅವಕ್ಕೆ ಲೋಕಸಭಾ ಸದಸ್ಯರನ್ನು ಹಿಡಿಯಬೇಕು. ಆನೆ, ಅರಣ್ಯ ಇಲಾಖೆಯ ಪರಿಹಾರ, ಕಂದಾಯದ ದಾಖಲೆ, ಸಹಕಾರ ಸಂಘಗಳ ಕಾನೂನು, ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡಿನ ಕಡೆಗೆ ತರುವ ಕೆಲಸ, ಇವು ವಿಧಾನಸೌಧದ ವ್ಯಾಪ್ತಿಯವು.

ಪ್ರಶ್ನೆ ಕೇಳುವ ಶಾಸಕರಿಗೆ "ಆನೆ ಕಾಟ ಜಾಸ್ತಿ" ಎಂಬ ಒಂದು ಸಾಲು ಸಾಲದು. "ಬಿಕ್ಕೋಡು, ಅರೇಹಳ್ಳಿ ಹೋಬಳಿಗಳಲ್ಲಿ ಇಂಥ ವರ್ಷ ಬಂದ ಪರಿಹಾರದ ಅರ್ಜಿ ಎಷ್ಟು, ವಿಲೇವಾರಿಯಾದದ್ದು ಎಷ್ಟು, ಬಾಕಿ ಏಕೆ" ಎಂದು ಬರೆದುಕೊಟ್ಟರೆ ಇಲಾಖೆ ಅಂಕಿ ಅಂಶ ಕೊಡಲೇಬೇಕಾಗುತ್ತದೆ. ಆ ಕರಡನ್ನು ಸಿದ್ಧಮಾಡಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇನೆ. ಆನೆಯಿಂದ ನಷ್ಟವಾದ ಸದಸ್ಯರು ಸರ್ವೆ ನಂಬರು, ನಷ್ಟವಾದ ತಾರೀಖು, ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ನಕಲು ತಂದುಕೊಡಿ. ಬೇಲೂರು ಕಡೆಯವರ ಜೊತೆಗೆ ಅರಸೀಕೆರೆ ಕಡೆಯವರೂ ಬಂದು ಸಹಿ ಹಾಕಬೇಕೆಂದು ಕೋರುತ್ತೇನೆ. ಅಧಿವೇಶನದ ದಿನಾಂಕ ಪ್ರಕಟವಾಗುವುದಕ್ಕೆ ಮೊದಲೇ ಎರಡು ಪ್ರತಿ ಹೋಗಬೇಕು, ಒಂದು ಬೇಲೂರಿಗೆ, ಒಂದು ಅರಸೀಕೆರೆಗೆ.

ಕಾರ್ಯದರ್ಶಿ