ಹಳೆಯ ಏರ್ ಕಂಡೀಶನರಿನಿಂದ ಮನೆಯ ಕೆಲಸದ ಕೊಠಡಿಗೆ ತಂಪು



ಹಳ್ಳಿಯ ಎಷ್ಟೋ ಮನೆಗಳ ಪಕ್ಕದಲ್ಲಿ ಈಗ ಒಂದು ತಗಡಿನ ಕೊಠಡಿ ಇರುತ್ತದೆ. ಒಬ್ಬರು ಅದರಲ್ಲಿ ಹೊಲಿಗೆ ಯಂತ್ರ ಇಟ್ಟಿರುತ್ತಾರೆ, ಇನ್ನೊಬ್ಬರು ಸುಟ್ಟ ಪಂಪುಸೆಟ್ಟಿನ ಮೋಟಾರಿಗೆ ತಂತಿ ಸುತ್ತುತ್ತಾರೆ. ಹೊಲದ ಕೆಲಸ ಕಡಿಮೆ ಇರುವ ಬೇಸಗೆಯಲ್ಲಿಯೇ ಈ ಕಸುಬಿನಿಂದ ನಾಲ್ಕು ಕಾಸು ಬರಬೇಕು. ಆದರೆ ಆಗಲೇ ತಗಡಿನ ಕೆಳಗೆ ಕೂರಲಾಗುವುದಿಲ್ಲ. ಪಟ್ಟಣದವರು ತೆಗೆದುಹಾಕಿದ ಹಳೆಯ ಕಿಟಕಿ ಏರ್ ಕಂಡೀಶನರು ಅಗ್ಗವಾಗಿ ಸಿಕ್ಕುತ್ತದೆ, ತಂದು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಹಾಕಬಹುದು. ಆದರೆ ಕ್ರಮ ಅರಿಯದೆ ಹಾಕಿದರೆ ಹಣವೂ ಹೋಗುತ್ತದೆ, ಪ್ರಾಣಕ್ಕೂ ಸಂಚಕಾರ ಬರುತ್ತದೆ. ಈ ಪಾಠದಲ್ಲಿ ಆ ಕ್ರಮವನ್ನು ತಿಳಿಯೋಣ.

೧. ಯಂತ್ರ ಮಾಡುವ ಕೆಲಸ

ಈ ಯಂತ್ರ ಹುಟ್ಟಿದ್ದೇ ಕೆಲಸದ ಮನೆಗಾಗಿ. ೧೯೦೨ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ಇದನ್ನು ರೂಪಿಸಿದನು.

ಯಂತ್ರವು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಬಾವಿಯ ನೀರನ್ನು ಎತ್ತಿ ಹಾಕುವ ಪಂಪಿನಂತೆ ಇದು ಶಾಖದ ಪಂಪು. ಒದ್ದೆ ಬಟ್ಟೆ ಸುತ್ತಿದ ಮಡಕೆಯ ನೀರು ತಣ್ಣಗಾಗುತ್ತದಲ್ಲವೇ? ನೀರು ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಯಂತ್ರದಲ್ಲಿ ನೀರಿನ ಬದಲು ಬೇರೊಂದು ದ್ರವವು ಒಳಬದಿಯ ಕೊಳವೆಯಲ್ಲಿ ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಹೊರಬದಿಗೆ ಕಳಿಸುತ್ತದೆ. ಅಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ.

ಆದುದರಿಂದ ಯಂತ್ರದ ಬೆನ್ನು ಗೋಡೆಯ ಹೊರಗೇ ಇರಬೇಕು. ಬೆನ್ನಿನ ಹಿಂದೆ ಗಾಳಿಯಾಡಲು ಜಾಗ ಬಿಡಬೇಕು. ಮೇವು, ಚೀಲ ಒಟ್ಟಬಾರದು. ಇಡೀ ಯಂತ್ರವನ್ನು ಕೊಠಡಿಯೊಳಗೇ ಇಟ್ಟು ನಡೆಸಿದರೆ ಕೊಠಡಿ ಇನ್ನೂ ಕಾಯುತ್ತದೆ.

೨. ಮೊದಲು ಛಾವಣಿ, ಆಮೇಲೆ ಯಂತ್ರ

ಒಂದು ಲೆಕ್ಕ ನೋಡಿ. ೧೨ ಅಡಿ ಉದ್ದ, ೧೦ ಅಡಿ ಅಗಲದ ತಗಡಿನ ಛಾವಣಿ ಸುಮಾರು ೧೧ ಚದರ ಮೀಟರು. ಬೇಸಗೆಯ ನಡುಹಗಲಲ್ಲಿ ಒಂದು ಚದರ ಮೀಟರಿನ ಮೇಲೆ ಹೆಚ್ಚುಕಡಿಮೆ ೧ ಕಿಲೋವಾಟಿನಷ್ಟು ಬಿಸಿಲು ಬೀಳುತ್ತದೆ. ಅಂದರೆ ಇಡೀ ಛಾವಣಿಯ ಮೇಲೆ ೧೧ ಕಿಲೋವಾಟು. ಒಂದೂವರೆ ಟನ್ನಿನ ಯಂತ್ರವು ಹೊಸದಿದ್ದಾಗಲೂ ಹೊರಹಾಕುವ ಶಾಖ ೫ ಕಿಲೋವಾಟಿನಷ್ಟು ಮಾತ್ರ. ಬಿದ್ದ ಬಿಸಿಲೆಲ್ಲ ಒಳಗೆ ಇಳಿಯುವುದಿಲ್ಲ ನಿಜ. ಆದರೂ ಬರಿಯ ತಗಡಿನ ಕೆಳಗೆ ಯಂತ್ರ ಹಾಕುವುದು ಒಡ್ಡು ಒಡೆದ ಹೊಲಕ್ಕೆ ನೀರು ಹಾಯಿಸಿದಂತೆಯೇ ಸರಿ.

ತಗಡಿಗೆ ಎರಡು ಸಲ ಸುಣ್ಣ ಬಳಿಯಿರಿ. ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ನೆರಳು ಬಲೆ ಕಟ್ಟಿರಿ. ಬಾಗಿಲು, ಕಿಟಕಿ, ತಗಡಿನ ಸಂದುಗಳನ್ನು ಮುಚ್ಚಿರಿ. ಬೆಸುಗೆಯ ಕಿಡಿ ಹಾರುವ ಕಡೆ ಹುಲ್ಲು, ಗರಿ, ಥರ್ಮಾಕೋಲು ಬೇಡ. ಇಷ್ಟರಿಂದಲೇ ಸೆಕೆ ಸಾಕಷ್ಟು ತಗ್ಗಿದರೆ ಯಂತ್ರದ ಖರ್ಚೇ ಉಳಿಯಿತು. ರಾಯಚೂರು, ಕಲಬುರಗಿಯಂತಹ ಒಣಹವೆಯ ಕಡೆ ನೀರಿನ ಕೂಲರು ಇದಕ್ಕಿಂತ ಎಷ್ಟೋ ಕಡಿಮೆ ವಿದ್ಯುತ್ತಿನಿಂದ ಕೆಲಸ ನಡೆಸುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಕೂಲರಿನಿಂದ ಪ್ರಯೋಜನ ಕಡಿಮೆ.

೩. ಕೊಳ್ಳುವಾಗ ಪರೀಕ್ಷೆ

ಯಂತ್ರವನ್ನು ಅಂಗಡಿಯಲ್ಲಿಯೇ ೨೦ ನಿಮಿಷ ನಡೆಸಿ ನೋಡದೆ ಹಣ ಕೊಡಬೇಡಿ. ಒಳಹೋಗುವ ಗಾಳಿಗಿಂತ ಹೊರಬರುವ ಗಾಳಿ ೮ರಿಂದ ೧೦ ಡಿಗ್ರಿಯಾದರೂ ತಣ್ಣಗಿರಬೇಕು. ಕೊಳವೆಯ ಬಾಗುಗಳಲ್ಲಿ ಎಣ್ಣೆಯ ಕಲೆ ಕಂಡರೆ ಅನಿಲ ಸೋರುತ್ತಿದೆ ಎಂದು ತಿಳಿಯಿರಿ, ಅಂಥದು ಬೇಡ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವ ಆರ್-೨೨ ಅನಿಲವು ಭೂಮಿಯನ್ನು ಕಾಯುವ ಓಝೋನ್ ಪದರಕ್ಕೆ ಹಾನಿಕರ. ಅದನ್ನು ಗಾಳಿಗೆ ಬಿಡಕೂಡದು. ಕೊಳವೆ ಬಿಚ್ಚುವ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕನಿಗೇ ಬಿಡಿ.

೪. ವಿದ್ಯುತ್ತು: ಇಲ್ಲಿ ಅವಸರ ಬೇಡ

ಇದನ್ನು ಪುಸ್ತಕ ನೋಡಿ ಬರೆಯುತ್ತಿಲ್ಲ. ನಮ್ಮಣ್ಣನ ಮೋಟಾರು ಸುತ್ತುವ ಕೊಠಡಿಗೆ ಹಳೆಯ ಯಂತ್ರವೊಂದನ್ನು ನಾನೇ ಕೂರಿಸಿದೆ. ಗೋಡೆಯಲ್ಲಿದ್ದದ್ದು ಎರಡು ತೂತಿನ ಸಾಕೆಟ್ಟು. ಸಾಲದೆಂದು ಗೊತ್ತಿದ್ದೂ, ಅರ್ತಿನ ತಂತಿಯನ್ನು ಕತ್ತರಿಸಿ ಪ್ಲಗ್ಗು ಹಾಕಿದೆ. ನಾಳೆ ಸರಿಪಡಿಸೋಣ ಎಂದುಕೊಂಡೆ. ಆ ನಾಳೆ ಹದಿನೈದು ದಿನ ಬರಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ನೆಲ ಒರೆಸುತ್ತ, ಒದ್ದೆ ಕೈಯಿಂದ ಯಂತ್ರದ ಮೈ ಮುಟ್ಟಿದರು. ಏಟಿಗೆ ಹಿಂದಕ್ಕೆ ಬಿದ್ದರು. ಕೈ ಅಂಟಿಕೊಳ್ಳದೆ ಬಿಟ್ಟುಬಂದದ್ದರಿಂದ ಬದುಕಿದರು. ಬೈಯಲಿಲ್ಲ, "ಓದಿದವನು ನೀನು, ತಮ್ಮಾ" ಎಂದರು, ಅಷ್ಟೆ. ಆ ಮಾತು ನನಗೆ ಇಂದಿಗೂ ಮರೆತಿಲ್ಲ.

ಆದುದರಿಂದ ಇವುಗಳನ್ನು ತಪ್ಪದೆ ಪಾಲಿಸತಕ್ಕದ್ದು:

(ಅ) ಮೀಟರಿನ ಹಲಗೆಯಿಂದ ಈ ಯಂತ್ರಕ್ಕೇ ಬೇರೆ ತಂತಿ, ೪ ಚದರ ಮಿಲಿಮೀಟರಿನ ತಾಮ್ರದ್ದು, ಎಳೆಸಬೇಕು. ಅದಕ್ಕೆ ತಕ್ಕ ಎಂ.ಸಿ.ಬಿ.ಯೂ, ೩೦ ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚೂ ಇರಲಿ. ಈ ಕೆಲಸ ಪರವಾನಗಿ ಉಳ್ಳ ವೈರ್‌ಮನ್ನನಿಂದಲೇ ಆಗಲಿ.

(ಆ) ಅರ್ತಿನ ಗುಂಡಿ ಇರಲೇಬೇಕು. ಎರೆಭೂಮಿ ಬೇಸಗೆಯಲ್ಲಿ ಬಿರುಕು ಬಿಡುವುದನ್ನು ನೀವು ಬಲ್ಲಿರಿ. ಆಗ ಮಣ್ಣು ಒಣಗಿ, ಅರ್ತಿನ ಸರಳನ್ನು ಬಿಟ್ಟು ಸರಿಯುತ್ತದೆ. ಅರ್ತು ಇದ್ದೂ ಇಲ್ಲದಂತೆ. ಯಂತ್ರ ನಡೆಯುವ ಕಾಲವೂ ಅದೇ. ಗುಂಡಿಗೆ ಆಗಾಗ್ಗೆ ನೀರು ಹಾಕುತ್ತಿರಿ.

(ಇ) ಹಳ್ಳಿಯಲ್ಲಿ ವೋಲ್ಟೇಜು ಏರಿಳಿಯುತ್ತದೆ. ತಕ್ಕ ಸ್ಟೆಬಿಲೈಸರು ಇಲ್ಲದಿದ್ದರೆ ಕಂಪ್ರೆಸರು ಸುಡಬಹುದು. ಕರೆಂಟು ಹೋಗಿ ಬಂದರೆ ೩ ನಿಮಿಷ ಕಾದು ಹಾಕಿರಿ.

(ಈ) ಮುಚ್ಚಳ ತೆಗೆಯಬೇಡಿ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು.

(ಉ) ಪಂಪುಸೆಟ್ಟಿಗೆಂದು ಕೊಟ್ಟ ಸಾಲಿನಿಂದ ಇದಕ್ಕೆ ತಂತಿ ಎಳೆಯುವುದು ಕಾನೂನಿಗೆ ವಿರುದ್ಧ.

೫. ನಡೆಸುವ ಬಗೆ

ಯಂತ್ರವನ್ನು ಹೊರಬದಿಗೆ ಅರ್ಧ ಅಂಗುಲ ವಾಲಿಸಿ ಕೂರಿಸಿದರೆ ನೀರು ಹೊರಕ್ಕೆ ಹರಿಯುತ್ತದೆ. ಆ ನೀರು ಕುಡಿಯಲು ಬಾರದು, ಗಿಡಕ್ಕೆ ಹಾಕಿರಿ. ಜಾಲರಿಯ ಧೂಳನ್ನು ವಾರಕ್ಕೊಮ್ಮೆ ತೊಳೆಯಿರಿ. ೨೬ ಡಿಗ್ರಿಯಲ್ಲಿಟ್ಟು ಪಂಕ ಹಾಕಿಕೊಂಡರೆ ಕೂತು ಮಾಡುವ ಕೆಲಸಕ್ಕೆ ಸಾಕು.

ಈ ಯಂತ್ರ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಹೊಸ ಗಾಳಿ ತರುವುದು ತೀರ ಕಡಿಮೆ. ಬೆಸುಗೆ, ಬಣ್ಣ, ವಾರ್ನಿಷು, ಪೆಟ್ರೋಲಿನ ಕೆಲಸವನ್ನು ಮುಚ್ಚಿದ ಕೊಠಡಿಯಲ್ಲಿ ಮಾಡಕೂಡದು. ಹೊರಗೆ ನೆರಳಿನಲ್ಲಿ ಮಾಡಿರಿ.

೬. ಖರ್ಚಿನ ಲೆಕ್ಕ

ಒಂದೂವರೆ ಟನ್ನಿನ ಹಳೆಯ ಯಂತ್ರ ಬಿಡುವಿಲ್ಲದೆ ನಡೆದರೆ ಗಂಟೆಗೆ ಸುಮಾರು ೨ ಯೂನಿಟ್ಟು ತಿನ್ನುತ್ತದೆ. ದಿನಕ್ಕೆ ೫ ಗಂಟೆಯಂತೆ ೨೫ ದಿನಕ್ಕೆ ೨೫೦ ಯೂನಿಟ್ಟು. ಇದನ್ನು ನಿಮ್ಮ ದರದಿಂದ ಗುಣಿಸಿ ಬಿಲ್ಲನ್ನು ತಿಳಿಯಿರಿ. ಮಧ್ಯಾಹ್ನದ ಆ ಐದು ಗಂಟೆಯ ದುಡಿಮೆ ಅದಕ್ಕಿಂತ ಹೆಚ್ಚು ತರುವುದಾದರೆ ಮಾತ್ರ ಯಂತ್ರ ತನ್ನಿರಿ. ಇಲ್ಲವಾದರೆ ಸುಣ್ಣ, ನೆರಳು ಸಾಕು. ಕೆಲಸವನ್ನು ಮುಂಜಾನೆಗೆ, ಸಂಜೆಗೆ ಹೊಂದಿಸಿಕೊಳ್ಳಿರಿ.

ಚಾವಡಿಯಲ್ಲಿ ಕೂಡಿ ಚರ್ಚಿಸಲು ಪ್ರಶ್ನೆಗಳು

೧. ಯಂತ್ರದ ಬೆನ್ನು ಹೊರಗೇ ಏಕೆ ಇರಬೇಕು?
೨. ನಿಮ್ಮ ಕೊಠಡಿಯ ಛಾವಣಿ ಎಷ್ಟು ಚದರ ಮೀಟರು? ಅದರ ಮೇಲೆ ಬೀಳುವ ಬಿಸಿಲೆಷ್ಟು?
೩. ನಿಮ್ಮ ಮನೆಯ ಅರ್ತಿನ ಗುಂಡಿ ಎಲ್ಲಿದೆ? ಅದಕ್ಕೆ ಕಡೆಯ ಸಲ ನೀರು ಹಾಕಿದ್ದು ಯಾವಾಗ?

ಮೂರನೆಯ ಪ್ರಶ್ನೆಗೆ ಉತ್ತರ ತಿಳಿಯದವರು ಇಂದೇ ಹೋಗಿ ನೋಡಿರಿ. ನಾಳೆಗೆ ಬಿಡಬೇಡಿ.