ನಡುವಿನ ಹೆಸರು ಯಾರದು?

ತಂಗಿಯ ಮಗಳಿಗೆ, ಸನವಳ್ಳಿಯಿಂದ ಸೋದರಮಾವ ಮಾಡುವ ಆಶೀರ್ವಾದಗಳು.

ಕೂಸಿಗೆ ಇಡಬೇಕೆಂದಿರುವ ಹೆಸರು ಮಾಮಾನಿಗೆ ತಲುಪಿತು. ಮೊದಲಿನದಕ್ಕೆ ತಕರಾರಿಲ್ಲ. ಕೊನೆಯ ಅಡ್ಡಹೆಸರು ಅಳಿಯಂದಿರ ಮನೆತನದ್ದು, ಅದನ್ನು ಕೇಳಲು ಮಾಮಾ ಯಾರು? ನಡುವಿನ ‘ಝೆಫಿರ್’ ನೋಡಿದಾಗ ಮಾತ್ರ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಬೇಕಾಯಿತು. ನಿನ್ನ ಅವ್ವ ಅದನ್ನು ‘ಜಪೀರ’ ಎಂದು ಓದಿ, ಯಾವ ದೇವರು ಎಂದು ಕೇಳಿದಳು. ಗ್ರೀಕರ ಪಡುವಣ ಗಾಳಿಯ ದೇವರಂತೆ ಎಂದರೆ, ಪಡುವಣ ಗಾಳಿ ಇಲ್ಲಿ ಜೂನ್‌ನಲ್ಲಿ ಹಂಚು ಹಾರಿಸುತ್ತದಲ್ಲ, ಅದೇನಾ ಎಂದಳು.

ಹೆಸರಿಡುವ ಹಕ್ಕು ಹೆತ್ತವರದು. ಅದಕ್ಕೇ ಈ ಪತ್ರದಲ್ಲಿ ಎರಡೂ ಕಡೆಯ ಮಾತು ಇರುತ್ತದೆ, ಆರಿಸಿಕೊಳ್ಳುವುದು ನಿಮಗೆ ಬಿಟ್ಟದ್ದು.

ನಿನ್ನ ಮಾಮಾ ಮುಂಡಗೋಡ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಕೂದಲು ಬೆಳ್ಳಗಾಗುವವರೆಗೆ ದಾಖಲಾತಿ ಬರೆದವನು. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳೆಲ್ಲ ಆ ಪುಸ್ತಕದಲ್ಲಿ ಜೂನ್ 1ರಂದೇ ಹುಟ್ಟಿದರು. ಹೆಸರಿಗೆ ಮೂರು ತುಂಡು ಬೇಕಾಗಿತ್ತು: ಮಗುವಿನದು, ಅಪ್ಪನದು, ಅಡ್ಡಹೆಸರು. 1862ರಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರವರೆಗೆ ಅಲ್ಲೇ ಇತ್ತು. ಆ ಕಡೆಯ ಪದ್ಧತಿ ಇಲ್ಲಿ ಬೇರೂರಿತು. ಧಾರವಾಡದ ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಹನೇಹಳ್ಳಿಯ ಯಶವಂತ ವಿಠೋಬಾ ಚಿತ್ತಾಲ, ಸಿದ್ದಾಪುರ ಕಡೆಯ ರಾಮಕೃಷ್ಣ ಮಹಾಬಲೇಶ್ವರ ಹೆಗಡೆ, ಶಿರಸಿಯಲ್ಲಿ ಬೆಳೆದ ಗಿರೀಶ ರಘುನಾಥ ಕಾರ್ನಾಡ, ಎಲ್ಲರ ನಡುವೆಯೂ ಅಪ್ಪ ಕೂತಿದ್ದಾನೆ. ಹಳೇ ಮೈಸೂರಿನ ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪನವರಲ್ಲಿ ಊರು ಮುಂದೆ, ಅಪ್ಪ ಆಮೇಲೆ, ಮಗನ ಹೆಸರು ಕಟ್ಟಕಡೆಗೆ.

ಇದು ಬರೀ ಶಿಷ್ಟಾಚಾರವಾಗಿರಲಿಲ್ಲ, ಕೆಲಸಕ್ಕೆ ಬರುತ್ತಿತ್ತು. ಒಂದೇ ಗೌಳಿದಡ್ಡಿಯಿಂದ ಬಂದ ಇಬ್ಬರು ಹುಡುಗರಿಗೆ ಹೆಸರೂ ಒಂದೇ, ಅಡ್ಡಹೆಸರೂ ಒಂದೇ. ಹಾಜರಿ ಕೂಗುವಾಗ ಅಪ್ಪನ ಹೆಸರು ಬರುವವರೆಗೆ ಇಬ್ಬರೂ ಬಾಯಿ ಬಿಗಿಹಿಡಿದು ಕೂತಿರುತ್ತಿದ್ದರು. ಪಕ್ಕದ ಟಿಬೆಟನ್ ಕ್ಯಾಂಪಿನ ಕತೆ ಬೇರೆ. 1966ರಲ್ಲಿ ಮುಂಡಗೋಡದಲ್ಲಿ ನೆಲೆ ಸಿಕ್ಕ ಆ ಜನರಲ್ಲಿ ಬಹಳಷ್ಟು ಮಂದಿಗೆ ಅಡ್ಡಹೆಸರೇ ಇಲ್ಲ. ದಲೈಲಾಮಾ ತೆನ್ಜಿನ್ ಗ್ಯಾತ್ಸೊ ಅವರಿಂದ ಹೆಸರು ಪಡೆದವರೆಲ್ಲ ತೆನ್ಜಿನ್‌ಗಳೇ. ಪೇಟೆಯಲ್ಲಿ ಒಬ್ಬ ತೆನ್ಜಿನ್‌ನನ್ನು ಕೂಗಿದರೆ ನಾಲ್ಕು ತಲೆ ತಿರುಗುತ್ತವೆ, ಎರಡನೆಯ ಹೆಸರೇ ಅವರಿಗೆ ಗುರುತು.

ಅಪ್ಪನ ಹೆಸರೇ ನಡುವೆ ಇರಲಿ ಎಂದು ಮಾಮಾ ಹಟ ಹಿಡಿಯುತ್ತಾನೆ ಎಂದುಕೊಂಡೆಯಾ? ಇಲ್ಲ. ಒಂದು ಜೂನ್‌ನಲ್ಲಿ ಕಂಡದ್ದು ಆ ಹಟವನ್ನು ಮುರಿಯಿತು. ಜೋರು ಮಳೆ. ಹೆಣ್ಣುಮಗಳೊಬ್ಬಳು ಕಂಬಳಿಕೊಪ್ಪೆ ಮಡಚಿ ಜಗುಲಿಯ ಮೇಲಿಟ್ಟು, ಮಗಳ ಕೈ ಹಿಡಿದು ಒಳಗೆ ಬಂದಳು. ಮುಖ್ಯಾಧ್ಯಾಪಕರು ಪೆನ್ನು ತೆರೆದು, “ತಂದಿ ಹೆಸರು?” ಎಂದರು.

“ಅಂವ ಬಿಟ್ಟ್ ಹೋಗ್ಯಾನ್ರಿ. ನನ್ನ ಹೆಸರ ಬರೀರಿ.”

“ಹಂಗ ಬರಿಯಾಕ ಬರಂಗಿಲ್ಲವಾ.”

ಆಕೆ ಗೋಡೆಯ ನಕಾಶೆಯ ಕಡೆ ಮುಖ ತಿರುಗಿಸಿ ಗಂಡನ ಹೆಸರು ಹೇಳಿದಳು. ಆ ಹುಡುಗಿ ಎಂದೂ ಕಾಣದ ಗಂಡಸೊಬ್ಬನ ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ಹೊತ್ತಳು. ಕೂಲಿ ಮಾಡಿ ಓದಿಸಿದವಳ ಹೆಸರು ಅವಳ ಹೆಸರಿನೊಳಗೆ ಎಲ್ಲೂ ಬರಲಿಲ್ಲ.

ಈಗ ಕಾಲ ಬದಲಾಗಿದೆ. ಗಂಡ ತೀರಿಕೊಂಡ ಮೇಲೆ ಮಗುವಿನ ಅಡ್ಡಹೆಸರು ನಿರ್ಧರಿಸುವ ಹಕ್ಕು ತಾಯಿಗಿದೆ ಎಂದು ಸುಪ್ರೀಂ ಕೋರ್ಟು 2022ರ ಜುಲೈನಲ್ಲಿ ಹೇಳಿತು. ಮಹಾರಾಷ್ಟ್ರ ಸರಕಾರ ಇನ್ನೂ ಮುಂದೆ ಹೋಯಿತು: 2024ರ ಮೇ 1ರಿಂದ ಹುಟ್ಟುವ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗು, ತಾಯಿ, ತಂದೆ, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕು. ಸಿನಿಮಾದ ಸಂಜಯ ಲೀಲಾ ಭನ್ಸಾಲಿ ಅಮ್ಮನನ್ನು ನಡುವೆ ಇಟ್ಟುಕೊಂಡೇ ಪ್ರಸಿದ್ಧರಾದವರು. ದಾಖಲೆಯಲ್ಲಿ ರಾಮಚಂದ್ರರ ಮಗನಾಗಿದ್ದ ಬೇಂದ್ರೆಯವರು ಕವಿತೆಗೆ ಸಹಿ ಹಾಕುವಾಗ ಅಂಬಿಕೆಯ ಮಗನಾದರು. ‘ಅಂಬಿಕಾತನಯದತ್ತ’ ಎಂಬ ಹೆಸರು ಇಡೀ ಕರ್ನಾಟಕಕ್ಕೆ ಬಾಯಿಪಾಠ.

ಒಂಬತ್ತು ತಿಂಗಳು ಹೊತ್ತವಳು ನೀನು. ರಾತ್ರಿ ಎದ್ದು ಹಾಲೂಡುತ್ತಿರುವವಳು ನೀನು. ಗ್ರೀಕರ ಗಾಳಿಗೆ ಸಿಕ್ಕ ಜಾಗ ನಿನಗೆ ಸಿಗಲಿಲ್ಲವೇ? ಮೊಬೈಲಿನಲ್ಲಿ ಹೆಸರಿನ ಪಟ್ಟಿ ಉಜ್ಜುತ್ತ ಕೂತ ಇಬ್ಬರು ಎಂಜಿನಿಯರುಗಳಿಗೆ ಎದುರಿಗೆ ಕೂತ ತಾಯಿ ಕಾಣಲಿಲ್ಲವೇ? ಮಾಮಾನಿಗೆ ಸಿಟ್ಟು ಬಂದದ್ದು ಇದಕ್ಕೆ, ಝಕಾರಕ್ಕಲ್ಲ.

ಇಷ್ಟು ಗದರಿದ್ದು ಸಾಕು. ವಿಚಿತ್ರ ಹೆಸರನ್ನು ಹೀಗಳೆಯುವ ಜಾಯಮಾನ ಮಾಮಾನದಲ್ಲ. ಬಿಡದಿ ಹತ್ತಿರದ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಜನ ಮಕ್ಕಳಿಗೆ ಗೂಗಲ್, ಕಾಫಿ, ಹೈಕೋರ್ಟ್, ಮೈಸೂರ್ ಪಾಕ್ ಎಂದೆಲ್ಲ ಹೆಸರಿಟ್ಟು ಸುಖವಾಗಿದ್ದಾರೆ. ಅಮೆರಿಕದ ಅಧ್ಯಕ್ಷ ಹ್ಯಾರಿ ಎಸ್. ಟ್ರೂಮನ್ನರ ನಡುವಿನ ‘ಎಸ್’ ಯಾವ ಹೆಸರಿನ ಮೊಟಕೂ ಅಲ್ಲ. ಅಜ್ಜಂದಿರಿಬ್ಬರ ಹೆಸರಲ್ಲೂ ಆ ಅಕ್ಷರವಿತ್ತು, ಯಾರಿಗೂ ಬೇಸರವಾಗದಿರಲಿ ಎಂದು ಹೆತ್ತವರು ಅಕ್ಷರವಷ್ಟನ್ನೇ ಉಳಿಸಿದರು. ನೋಡು, ಅಲ್ಲಿಯೂ ನಡುವೆ ಇದ್ದವರು ಮನೆಯ ಮನುಷ್ಯರೇ.

ಇನ್ನು ಕಚೇರಿಯ ಮಾತು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಹೆಸರಿಗೆ ಅಷ್ಟು ಅವಸರವಿಲ್ಲ. 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದರೆ ಒಮ್ಮೆ ಬರೆಸಿದ ಮೇಲೆ ಚೆಲ್ಲಾಟವಲ್ಲ: 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಲೈಸೆನ್ಸ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಪಾಸ್‌ಪೋರ್ಟಿನಲ್ಲಿ ಇರುವುದು ಎರಡೇ ಅಂಕಣ, ನಡುವಿನ ಹೆಸರು ಮೊದಲಿನದರ ಜೊತೆ ಕೂತುಬಿಡುತ್ತದೆ. ಒಂದು ಕಡೆ ಝೆಫಿರ್, ಇನ್ನೊಂದು ಕಡೆ ಜೆಫಿರ್, ಮತ್ತೊಂದು ಕಡೆ ಜಫೀರ್ ಎಂದಾದರೆ ಅಫಿಡವಿಟ್ ಹಿಡಿದು ಅಲೆಯುವವಳು ಆ ಕೂಸೇ.

ನಿನ್ನ ಹೆಸರು ಮೂರೇ ಅಕ್ಷರ, ಯಾವ ಗುಮಾಸ್ತನೂ ಕೆಡಿಸಲಾರ. ಅಳಿಯಂದಿರ ಹೆಸರೂ ಬೇಕೆಂದರೆ ಮಹಾರಾಷ್ಟ್ರದವರ ಹಾಗೆ ಎರಡೂ ಇರಲಿ. ಝೆಫಿರ್ ಬೇಕೇ ಬೇಕೆಂದರೆ ತೊಟ್ಟಿಲ ಹೆಸರಾಗಲಿ. ಸೋದರತ್ತೆ ಕಿವಿಯಲ್ಲಿ ‘ಕುರ್ರ್’ ಎಂದು ಅದನ್ನೂ ಉಸುರಲಿ, ಮನೆಯಲ್ಲಿ ಬಾಯಿಗೆ ಬಂದಂತೆ ಕರೆಯೋಣ. ತೊಟ್ಟಿಲಿಗೆ ಹಾಕುವ ದಿನ ಬೇಗ ತಿಳಿಸು, ಗುಗ್ಗರಿಗೆ ಕಡಲೆ ಸನವಳ್ಳಿಯಿಂದಲೇ ಬರುತ್ತದೆ. ಏನೇ ಬರೆಸುವುದಿದ್ದರೂ ಅರ್ಜಿ ಕೊಡುವ ಮುಂಚೆ ಅದರ ಫೋಟೊ ತೆಗೆದು ಕಳಿಸು. ಮಾಮಾ ಕೆಂಪು ಪೆನ್ನನ್ನು ಇನ್ನೂ ಕಿಸೆಯಲ್ಲೇ ಇಟ್ಟುಕೊಂಡಿದ್ದಾನೆ.

ಇತಿ,
ನಿನ್ನ ಸೋದರಮಾವ